ವ್ಯಾಕ್ಯೂಮ್ ಗೇಜಿನ ಮುಳ್ಳು

ಹಾವು, ದೆವ್ವಗಳಿಗಿಂತ ನನಗೆ ಮುಳ್ಳಿರುವ ಮೀಟರುಗಳ ಭಯವೇ ಹೆಚ್ಚು. ಹಾವು ಬಂದರೆ ಓಡಬಹುದು. ಮೀಟರು ಹೇಳಿದ ಸುದ್ದಿಯಿಂದ ಓಡುವುದೆಲ್ಲಿಗೆ? ಹೇಳಿಕೊಳ್ಳಲು ನಾಚಿಕೆಯೇ. ಏಕೆಂದರೆ ಸಿರುಮುಗೈಯ ನಮ್ಮ ನೇಕಾರರ ಮನೆಯಲ್ಲಿ ಪದವಿ ಪಡೆದ ಮೊದಲನೆಯವಳು ನಾನು, ಅದೂ ಭೌತಶಾಸ್ತ್ರದಲ್ಲಿ. ಹಗಲು ಕಾಲೇಜು, ಸಂಜೆ ಮಗ್ಗ. ಬಿಟ್ಟಿ ಬಂದ ಪದವಿಯಲ್ಲ ಅದು. ಈಗ ಗಾಳಿಯ ಒತ್ತಡವೆಂದರೇನೆಂದು ಮಕ್ಕಳಿಗೆ ಪಾಠ ಹೇಳುತ್ತೇನೆ.

ನನ್ನದೊಂದು ಹಳೆಯ ಅಂಬಾಸಿಡರ್ ಕಾರಿದೆ. ಸಮತಟ್ಟು ರಸ್ತೆಯಲ್ಲಿ ಬಹಳ ಗಂಭೀರ. ಆದರೆ ಘಾಟಿಯ ಮೇಲಿನ ವಾಲ್ಪಾರೈಯ ಟೀ ಎಸ್ಟೇಟಿನಲ್ಲಿರುವ ಚಿಕ್ಕಮ್ಮ ಕಾಲು ಮುರಿದುಕೊಂಡು ಮಲಗಿದಳು. ತಂಗಿಯನ್ನು ನೋಡಲೇಬೇಕೆಂದು ಅಮ್ಮ ಹಟ ಹಿಡಿದಳು. ಘಾಟಿಯ ಬಸ್ಸು ಹತ್ತಿದರೆ ಅಮ್ಮನಿಗೆ ವಾಂತಿ. ಕಾರೇ ಗತಿ. ಕಡಿದಾದ ತಿರುವಿನಲ್ಲಿ ಇಂಜಿನ್ ಸೋತು, ಕಾರು ಅಮ್ಮನ ಸಮೇತ ಹಿಂದಕ್ಕೆ ಜಾರುವ ದೃಶ್ಯ ಪಾಠದ ನಡುವೆಯೂ ಕಣ್ಣಿಗೆ ಕಟ್ಟತೊಡಗಿತು. ಅದಕ್ಕೇ ವ್ಯಾಕ್ಯೂಮ್ ಗೇಜು ತಂದೆ.

ಇಂಜಿನ್ ಉಸಿರೆಳೆಯುವ ಕೊಳವೆಯಲ್ಲಿ ಎಷ್ಟು ಗಾಳಿ ಇಲ್ಲ ಎಂದು ತೋರಿಸುವ ಪುಟ್ಟ ಮೀಟರು ಅದು. ಇದ್ದದ್ದನ್ನು ಅಳೆಯುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಇದು ಇಲ್ಲದ್ದನ್ನು ಅಳೆಯುತ್ತದೆ. ಕಾರು ನಿಂತು ಇಂಜಿನ್ ಮೆಲ್ಲಗೆ ಓಡುವಾಗ ಮುಳ್ಳು ಮೇಲೆ ಅಲುಗದೆ ನಿಂತರೆ ಆರೋಗ್ಯ. ಕೆಳಗಿದ್ದರೆ ಎಲ್ಲೋ ಸೋರಿಕೆ. ಇಲ್ಲವೇ ಒಳಗಿನ ಪಿಸ್ಟನ್ ರಿಂಗುಗಳೇ ಸವೆದಿವೆ.

"ಮಗ್ಗದ ಮೇಲಿರೋ ಸೀರೆನ ಯಾರಾದ್ರೂ ಅಳೀತಾರಾ ಕಣ್ಣು? ಅಳೆದ್ರೆ ಕೊರೆಯಾಗುತ್ತೆ" ಎಂದಳು, ನನ್ನನ್ನು ಮುದ್ದಿಗೆ 'ಕಣ್ಣು' ಎಂದೇ ಕರೆಯುವ ಅಮ್ಮ. ನಮ್ಮ ಮನೆಯ ಕಟ್ಟಳೆ ಅದು: ನೇಯ್ದು ಮುಗಿಸಿ ಇಳಿಸುವ ತನಕ ಬಟ್ಟೆಗೆ ಟೇಪು ಹಿಡಿಯಬಾರದು, ಹಿಡಿದರೆ ಅಳತೆ ಕಡಿಮೆ ಬೀಳುತ್ತದೆ. ಅಮ್ಮ ಇದನ್ನು ಮಕ್ಕಳ ಎತ್ತರಕ್ಕೂ ತನ್ನ ಬಿಪಿಗೂ ವಿಸ್ತರಿಸಿದ್ದಾಳೆ.

"ಇದು ವಿಜ್ಞಾನ ಅಮ್ಮಾ."

"ಹಂಗಾದ್ರೆ ವಿಜ್ಞಾನದ ಕೈ ಯಾಕೆ ನಡುಗ್ತಾ ಇದೆ?"

ಕೊಳವೆಯ ಮೇಲಿನ ತಿರುಪು ಬಿಚ್ಚಿ ಅಲ್ಲಿ ಗೇಜಿನ ನಳಿಕೆ ಕೂಡಿಸಿದೆ. ಕೊಂಚ ಸಡಿಲವೆನಿಸಿತು. ಕೈ ತಾನಾಗಿ ನೂಲಿನ ಲಡಿಗೆ ಹೋಯಿತು. ಸಡಿಲವಾದದ್ದಕ್ಕೆಲ್ಲ ನೂಲು ಸುತ್ತುವ ಜನ ನಾವು; ನಲ್ಲಿಗೆ, ಚಾಕುವಿನ ಹಿಡಿಗೆ, ಕನ್ನಡಕದ ಕಾಲಿಗೆ. ಇದಕ್ಕೂ ಸುತ್ತಿ ಬಿಗಿದೆ.

ಇಂಜಿನ್ ಶುರು ಮಾಡಿದೆ. ಮುಳ್ಳು ಒಂದಿಷ್ಟು ಎದ್ದು, ಅರ್ಧದಲ್ಲೇ ನಿಂತುಬಿಟ್ಟಿತು. ರಿಂಗುಗಳು ಹೋಗಿವೆ, ಘಾಟಿಯ ಮಾತೇ ಇಲ್ಲ.

"ನೋಡು, ಅಳೆದೆ, ಕೊರೆಯಾಯ್ತು" ಎಂದ ಅಮ್ಮನ ದನಿಯಲ್ಲಿ ಗೆದ್ದ ಖುಷಿಯಿರಲಿಲ್ಲ. ತಂಗಿಗೆಂದು ಚಕ್ಕುಲಿಯಂಥ ಮುರುಕು ತುಂಬಿ ಕಟ್ಟಿಟ್ಟಿದ್ದ ಡಬ್ಬಿಯನ್ನು ಮೆಲ್ಲಗೆ ಒಳಗೊಯ್ದಳು.

ಅದನ್ನು ನೋಡಲಾರದೆ, ಸೋರಿಕೆಯೇ ಆಗಿರಲಪ್ಪಾ ಎಂದು ಕೊಳವೆಯ ಕೀಲುಗಳಿಗೆಲ್ಲ ಎಣ್ಣೆ ಬಿಡುತ್ತ ಬಂದೆ. ನೂಲಿನ ಮೇಲೆ ಎಣ್ಣೆ ಬಿದ್ದದ್ದೇ ಮುಳ್ಳು ಟಣ್ಣನೆ ಮೇಲೆದ್ದಿತು! ಒಣ ನೂಲಿನ ಎಳೆಗಳ ಸಂದಿಯಲ್ಲಿ ಗಾಳಿ ನುಸುಳುತ್ತಿತ್ತು, ಎಣ್ಣೆ ಆ ಸಂದಿಯನ್ನು ಮುಚ್ಚಿತ್ತು. ಅಳೆಯಲೆಂದು ನಾನು ಮಾಡಿದ ಕೀಲೇ ಅಳತೆಯನ್ನು ಕಡಿಮೆ ಮಾಡಿತ್ತು. ಅಮ್ಮನ ಶಾಸ್ತ್ರಕ್ಕೆ ಭೌತಶಾಸ್ತ್ರದ ಪುರಾವೆ ಒದಗಿಸಿದ ಕೀರ್ತಿ ನನ್ನದೇ. ನೂಲು ಕಿತ್ತು, ಪ್ಲಂಬರುಗಳ ಬಿಳಿ ಟೇಪು ಸುತ್ತಿದೆ. ಮುಳ್ಳು ಮೇಲೆಯೇ ನಿಂತಿತು. ದಾರಿಯಲ್ಲೂ ಕಣ್ಣಿಗೆ ಬೀಳಲೆಂದು ನಳಿಕೆಯನ್ನು ಒಳಕ್ಕೆಳೆದು ಮೀಟರನ್ನು ಸ್ಟೀರಿಂಗ್ ಪಕ್ಕ ಕೂರಿಸಿದೆ.

ಭಯ ಹೋಯಿತೆ? ಭಯಕ್ಕೆ ಸರ್ಟಿಫಿಕೇಟು ತೋರಿಸಿದರೆ ಅದು ಅಟೆಸ್ಟೇಶನ್ ಕೇಳುತ್ತದೆ.

ಭಾನುವಾರ ಹೊರಟೆವು. ಆಳಿಯಾರು ದಾಟಿ ಘಾಟಿಯ ಮೊದಲ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಮುಳ್ಳು ಸೊನ್ನೆಯ ಹತ್ತಿರಕ್ಕೆ ಕುಸಿಯಿತು.

"ಅಯ್ಯೋ, ಮುಳ್ಳು ಬಿತ್ತು! ವಂಡಿ ನಿಲ್ಸು ಕಣ್ಣು!"

ಒತ್ತಿದಾಗ ಇಂಜಿನ್ನಿನ ಗಂಟಲು ಪೂರ್ತಿ ತೆರೆದು ಗಾಳಿ ನುಗ್ಗುತ್ತದೆ, ಮುಳ್ಳು ಬೀಳಲೇಬೇಕು. ಅದು ರೋಗವಲ್ಲ, ದುಡಿಮೆ. ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

"ಏರುವಾಗ ಅದು ಬೀಳ್ಲೇಬೇಕು ಅಮ್ಮಾ."

"ಬೀಳೋದೇ ಸರೀನಾ?"

"ಸರಿ."

"ಮತ್ತೆ ನಿನ್ ಮೊಕ ಯಾಕೆ ಹಿಂಗಿದೆ?"

"ಅದೂ ಏರ್ತಾ ಇದೆ."

ಅಮ್ಮ ನಕ್ಕಳು, ಮುರುಕಿನ ಡಬ್ಬಿಯನ್ನು ಮಾತ್ರ ಎದೆಗವಚಿಕೊಂಡೇ ಇದ್ದಳು. ಚಿಕ್ಕಮ್ಮನ ಬಾಗಿಲ ತನಕ ಪ್ರತಿ ತಿರುವಿನಲ್ಲೂ ಮುಳ್ಳು ಬಿತ್ತು, ಕಾರು ಏರಿತು. ನಾನು ಹೆದರುತ್ತಲೇ ಏರಿದೆ. ಹೆದರದೆ ಏರುವ ವಿದ್ಯೆ ನನ್ನ ಪದವಿಯಲ್ಲಿರಲಿಲ್ಲ.