ಬಿಳಿ ಬೊಟ್ಟು

ತಿಪಟೂರಿನ ದೊಡ್ಡಪೇಟೆಯಲ್ಲಿ ರೇಣುಕಪ್ರಸಾದರು ಎದುರಾದರೆ ಜನ ಮೊದಲು ನೋಡುವುದು ಅವರ ಎದೆಯ ಮೇಲೆ ತೂಗುವ ಕ್ಯಾಮೆರಾವನ್ನು. ಅರವತ್ತಮೂರು ವರ್ಷದ ಮನುಷ್ಯ. ಮದುವೆ ಫೋಟೋ, ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು ಸಂಸಾರ ಸಾಗಿಸಿದ ಸ್ಟುಡಿಯೋದಲ್ಲಿ ಈಗ ಬೇರೆ ಯಾರೋ ಮೊಬೈಲ್ ಕವರ್ ಮಾರುತ್ತಾರೆ. ಉಳಿದಿರುವುದು ರೀಲು ಹಾಕುವ ಹಳೆಯ ಕ್ಯಾಮೆರಾ, ಮನೆಯ ಹಿತ್ತಲ ಕಡೆಯ ಕತ್ತಲೆ ಕೋಣೆ, ದಿನಾ ಬೆಳಿಗ್ಗೆ ಎರಡು ಗಂಟೆ ಬೀದಿ ಸುತ್ತುವ ಚಟ.

ಬಣ್ಣದ ರೀಲು ಅವರಿಗಾಗದು. "ಬಣ್ಣ ಇದ್ರೆ ಜನ ಸೀರೆ ನೋಡ್ತಾರೆ, ಮುಖ ನೋಡಲ್ಲ" ಎನ್ನುತ್ತಾರೆ. ಕಂಬಕ್ಕೊರಗಿ ಬೀಡಿ ಸೇದುವ ಹಮಾಲಿ, ಜಗುಲಿಯ ಮೇಲೆ ಹೂ ಕಟ್ಟುವ ಮುದುಕಿ, ಮೂಟೆಯ ಮೇಲೆ ನಿದ್ದೆ ಹೋದ ನಾಯಿ, ಎಲ್ಲ ಕಪ್ಪು ಬಿಳುಪಿನಲ್ಲೇ. ಪ್ರಿಂಟು ಹಾಕುವಾಗ ಬಿಳುಪು ಸರಿಯಾಗಿ ಬಂತೋ ಇಲ್ಲವೋ ಎಂದು ತಾಳೆ ನೋಡಲು ಪಕ್ಕದಲ್ಲಿ ಒಂದು ಕೊಬ್ಬರಿ ಹೋಳು ಇಟ್ಟುಕೊಂಡಿರುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ಬೆಲ್ಲದ ಜೊತೆ ತಿನ್ನುತ್ತಾರೆ.

ಅವರದೊಂದು ನೇಮವಿತ್ತು. ಕೇಳಿ ತೆಗೆದರೆ ಜನ ಕಂಬದ ಹಾಗೆ ನಿಂತುಬಿಡುತ್ತಾರೆ. ಆದ್ದರಿಂದ ಮೊದಲು ತೆಗೆಯುವುದು, ಆಮೇಲೆ ತಮ್ಮ ಹಣೆಗೆ ಕೈ ಮುಟ್ಟಿಸಿ ಕೇಳುವುದು. ಬೇಡ ಎಂದವರಿಗೆ ರೀಲು ತೊಳೆದ ಮೇಲೆ ಅವರ ನೆಗೆಟಿವ್ ಕತ್ತರಿಸಿ ಕೊಟ್ಟುಬಿಡುವುದು. ಮೂವತ್ತು ವರ್ಷದಲ್ಲಿ ಹಾಗೆ ಕೇಳಿ ಪಡೆದವರು ಮೂರೇ ಜನ.

ನೇಮ ಮುರಿದದ್ದು ಮನೆಯಲ್ಲೇ. ಹೆಂಡತಿ ಗಿರಿಜಾಂಬಿಕಾ ಮದುವೆಯಾದ ವರ್ಷದಿಂದಲೂ ಕ್ಯಾಮೆರಾ ಕಂಡರೆ ಸೆರಗು ಅಡ್ಡ ಹಿಡಿಯುವ ಹೆಂಗಸು. ಒಂದು ದಿನ ಆಕೆ ಅಟ್ಟದ ಏಣಿಯ ಮೇಲೆ ನಿಂತು, ವರ್ಷದಿಂದ ಅಲ್ಲೇ ಒಣಗಿದ ಕಾಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ನೀರಾರಿ ಹದವಾದ ಒಳಗಿನ ಕೊಬ್ಬರಿ ಗಡಗಡ ಎಂದಿತು. ಆಕೆಯ ಮುಖದಲ್ಲಿ ನಗು ಮೂಡಿತು. ಪ್ರಸಾದರು ಕೆಳಗಿನಿಂದ ಒತ್ತಿದರು. ಹಣೆಗೆ ಕೈ ಹೋಗಲಿಲ್ಲ. ಹೊಸ ರೀಲಿನ ಮೊದಲ ಫೋಟೋ ಅದು. ಬೇಡ ಎಂದುಬಿಟ್ಟರೆ ಎಂಬ ಅಂಜಿಕೆಯಲ್ಲಿ ನಾಲ್ಕು ದಿನದಿಂದ ಬಾಯಿ ಬಿಟ್ಟಿರಲಿಲ್ಲ.

ಐದನೆಯ ದಿನ, ಏಪ್ರಿಲ್ ಬಿಸಿಲು ಏರುವ ಹೊತ್ತು. ಹಳೆಯ ಕೊಬ್ಬರಿ ಮಂಡಿಯೊಂದರ ಮರದ ಕಂಬಗಳ ನಡುವೆ ಹರೆಯದ ಹೆಂಗಸೊಬ್ಬಳು ಎದೆಗೆ ಕೂಸು ಅವಚಿಕೊಂಡು ನಿಂತಿದ್ದಳು. ಹಂಚಿನ ಸಂದಿಯಿಂದ ಬಿದ್ದ ಬೆಳಕು ನೇರ ಕೂಸಿನ ಕೆನ್ನೆಯ ಮೇಲಿತ್ತು. ಕೆನ್ನೆಯಲ್ಲಿ ಕಾಸಗಲದ ಕಾಡಿಗೆ ಬೊಟ್ಟು. ಪ್ರಸಾದರು ಒತ್ತಿದರು, ಹಣೆಗೆ ಕೈ ಮುಟ್ಟಿಸಿದರು.

ಹೆಂಗಸಿನ ಮುಖ ಬಿಳಿಚಿಕೊಂಡಿತು. "ಯಜಮಾನ್ರೇ, ಫೋಟೋ ತೆಗುದ್ರಾ? ಮಗೀಗಿನ್ನೂ ನಾಕು ತಿಂಗ್ಳು! ವರ್ಷ ತುಂಬೋಗಂಟ ಫೋಟೋ ತೆಗೀಬಾರ್ದು ಅಂತ ಅವರಪ್ಪಂಗೂ ಮೊಬೈಲ್ ಹಿಡಿಯಕ್ ಬಿಟ್ಟಿಲ್ಲ ನಾವು. ಡಿಲೀಟ್ ಮಾಡ್ರಿ ಈಗ್ಲೇ."

ಮಂಡಿಯ ಎದುರು ಎಳನೀರು ಕೆತ್ತುತ್ತಿದ್ದ ಲಕ್ಕಯ್ಯ ಅಲ್ಲಿಂದಲೇ ಬಾಯಿ ಹಾಕಿದ. "ಪ್ರಸಾದಣ್ಣನ ಕ್ಯಾಮ್ರಾದಾಗೆ ಡಿಲೀಟ್ ಇಲ್ಲ ಕಣವ್ವ. ಅದು ನಮ್ಮತ್ತೆ ಬಾಯಿದ್ದಂಗೆ. ಬಂದಿದ್ದು ಬಂತು!"

"ನೀನ್ ಸುಮ್ಕಿರಲಾ ಲಕ್ಕ" ಎಂದು ಪ್ರಸಾದರು ಗದರಿದರು. "ಇದು ರೀಲಮ್ಮ. ತೊಳೆದು ನಿನ್ನ ನೆಗೆಟಿವ್ ನಿನಗೇ ಕೊಡ್ತೀನಿ, ಒಂದ್ ವಾರ ಬಿಟ್ಟು ಬಾ."

"ವಾರವಾ? ದಂಡಿನಶಿವರದಿಂದ ಬಂದಿರೋಳು ನಾನು. ಈಗಷ್ಟೇ ಸೂಜಿ ಹಾಕ್ಸಿದೀನಿ, ರಾತ್ರಿ ಜ್ವರ ಬರ್ಬೋದು ಅಂದವ್ರೆ. ಬಂದ್ರೆ ಅದು ಸೂಜೀದೋ ಫೋಟೋದೋ ಅಂತ ನಾನ್ ಹೆಂಗ್ರೀ ತಿಳ್ಕೊಳ್ಳಲಿ? ಆ ರೀಲ್ ಈಚೆಗೆ ಕಿತ್ತಾಕ್ರಿ, ನನ್ ಕಣ್ಮುಂದೆ."

ಕ್ಯಾಮೆರಾದ ಹಿಂದಿನ ಮುಚ್ಚಳ ತೆಗೆದರೆ ಸಾಕು, ಎಲ್ಲ ಬೆಳಕಿಗೆ ಸುಟ್ಟುಹೋಗುತ್ತದೆ. ಏಣಿಯ ಮೇಲಿನ ಆ ನಗುವೂ ಹೋಗುತ್ತದೆ. ಆಯಿತು, ಮನೆಗೆ ಹೋಗಿ ಸುಡುತ್ತೇನೆ ಎಂದು ಸುಳ್ಳು ಹೇಳಿ ಕಳಿಸಬಹುದಿತ್ತು. ಆದರೆ ಅವಳ ಕೈ ಕೂಸಿನ ಹಣೆ ಮುಟ್ಟಿ ನೋಡುತ್ತಿದ್ದುದು, ತೆಗೆದು ಮತ್ತೆ ಮುಟ್ಟುತ್ತಿದ್ದುದು ಅವರ ಕಣ್ಣಿಗೆ ಬಿತ್ತು.

"ನಿನ್ನ ಹೆಸರೇನಮ್ಮ?"

"ಭಾನುಪ್ರಿಯಾ."

"ನಡೀ ಭಾನುಪ್ರಿಯಾ, ಮನೆ ಇಲ್ಲೇ ಹಿಂದ್ಗಡೆ. ನನ್ನ ಹೆಂಡ್ತಿ ಇದಾಳೆ. ಎರಡು ಗಂಟೆ ಟೈಮ್ ಕೊಡು, ಕೈಗೇ ಕೊಟ್ಟು ಕಳಿಸ್ತೀನಿ."

ಮನೆಯಲ್ಲಿ ಗಿರಿಜಾಂಬಿಕಾ ಕೂಸನ್ನು ಕಂಡವರೇ ಒಗ್ಗರಣೆಯನ್ನು ಒಲೆಯ ಮೇಲೇ ಮರೆತರು. ವಿಷಯ ಕೇಳಿ ಗಂಡನ ಕಡೆ ತಿರುಗಿದರು. "ಹಸುಗೂಸನ್ನೂ ಬಿಡ್ಲಿಲ್ವೇನ್ರೀ? ಬಾಮ್ಮ, ಫ್ಯಾನಿನ ಕೆಳಗೆ ಕೂತ್ಕೋ. ಇವರಿಗೆ ಬುದ್ಧಿ ಹೇಳಿ ಹೇಳಿ ನನ್ ಕೂದ್ಲು ಬೆಳ್ಳಗಾದ್ವು."

ಕತ್ತಲೆ ಕೋಣೆಯಲ್ಲಿ ಪ್ರಸಾದರು ಕೈತಡಕಾಟದಲ್ಲೇ ರೀಲು ಸುತ್ತಿ ಡಬ್ಬಿಗೆ ಹಾಕಿ ಮುಚ್ಚಿದರು. ತೊಂದರೆ ಇದ್ದದ್ದು ನೀರಿನದು. ತೊಳೆಯುವ ಔಷಧಿ ತಣ್ಣಗಿರಬೇಕು. ಬಿಸಿಯಾದರೆ ಚಿತ್ರವೆಲ್ಲ ಮಸಿಯಾಗುತ್ತದೆ. ಮಾಳಿಗೆಯ ತೊಟ್ಟಿಯ ನೀರು ಆಗಲೇ ಸ್ನಾನಕ್ಕೆ ಕಾಯಿಸಿದ ಹಾಗಿತ್ತು. ಅಡುಗೆಮನೆಗೆ ಬಂದು ಮಡಕೆ ಎತ್ತಿದರು.

"ಕುಡಿಯೋ ನೀರು ಕಣ್ರೀ ಅದು!"

"ಇವತ್ತೊಂದಿನ ಮಜ್ಜಿಗೆ ಕುಡಿಯೋಣ ಬುಡು."

ಔಷಧಿಯ ಬಾಟಲಿಯನ್ನು ಮಡಕೆ ನೀರಿನಲ್ಲಿಟ್ಟು ಕುಳಿತರು. ಥರ್ಮಾಮೀಟರಿನ ಗೆರೆ ಇಳಿಯಲೊಲ್ಲದು. ಹೊರಗಿನಿಂದ "ಆಯ್ತಾ ಯಜಮಾನ್ರೇ?" ಎಂಬ ದನಿ. ಸ್ವಲ್ಪ ಹೊತ್ತಿಗೆ ಮತ್ತೆ, "ಆಯ್ತಾ?" ಇಷ್ಟೇ ಸಾಕು ಸುರಿದುಬಿಡೋಣ ಎಂದು ಎರಡು ಸಲ ಕೈ ಮುಂದಾಯಿತು. ಕಾಯಿ ನೀರಾರಿ ಕೊಬ್ಬರಿಯಾಗಲು ವರ್ಷ ಕಾಯುವ ಊರಿನಲ್ಲಿ ಹುಟ್ಟಿ ಇನ್ನೊಂದು ಹತ್ತು ನಿಮಿಷ ಕೂರಲಾರೆನೇ ಎಂದು ತಮಗೇ ಬೈದುಕೊಂಡು ಕೂತರು. ಗೆರೆ ಇಳಿಯಿತು. ಆಮೇಲೆ ಸುರಿದರು, ಅಲ್ಲಾಡಿಸಿದರು, ತೊಳೆದರು.

ರೀಲನ್ನು ತಂತಿಗೆ ಕ್ಲಿಪ್ಪು ಹಾಕಿ ತೂಗುಬಿಟ್ಟಾಗ ಅವರು ಮೊದಲು ನೋಡಿದ್ದು ಮೇಲಿನ ತುದಿಯನ್ನು. ಏಣಿ ಇತ್ತು. ಏಣಿಯ ಮೇಲೆ ಆಕೆ ಇದ್ದರು. ಆ ನಗುವೂ ಇತ್ತು.

ಒಣಗಿದ ಮೇಲೆ ಕೂಸಿನ ಫೋಟೋ ಇದ್ದ ಮೂವತ್ತೊಂದನೆಯ ನೆಗೆಟಿವನ್ನು ಎರಡೂ ಕಡೆ ಕತ್ತರಿಸಿ ಭಾನುಪ್ರಿಯಾಳ ಅಂಗೈಗಿಟ್ಟರು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹುಬ್ಬು ಗಂಟಾಯಿತು. ಕೂಸಿನ ಮುಖ ಸುಟ್ಟ ಚಿಪ್ಪಿನಷ್ಟು ಕಪ್ಪಗಿತ್ತು. ಆ ಕಪ್ಪು ಕೆನ್ನೆಯ ಮೇಲೆ ಕಾಡಿಗೆ ಬೊಟ್ಟು ಬೆಳ್ಳಗೆ ಹೊಳೆಯುತ್ತಿತ್ತು.

"ಅಯ್ಯೋ, ನನ್ ಕಂದನ್ನ ಏನ್ ಮಾಡಿದೀರಿ!" ಎಂದವಳಿಗೆ ಮರುಕ್ಷಣವೇ ನಗು ತಡೆಯಲಾಗಲಿಲ್ಲ. "ಇದಕ್ಕೆ ಯಾರ್ ಕಣ್ ಬೀಳ್ತದೆ ಬುಡಿ." ಬೆಳಿಗ್ಗೆಯಿಂದ ಅವಳು ನಕ್ಕಿದ್ದು ಅದೇ ಮೊದಲು. ನೆಗೆಟಿವ್ ಅನ್ನು ಸೂಜಿಯ ಕಾರ್ಡಿನೊಳಗೆ ಸೇರಿಸಿಟ್ಟುಕೊಂಡು ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ವರ್ಷ ತುಂಬಿದ್ಮೇಲೆ ತಂದ್ರೆ ಬೆಳ್ಳಗ್ ಮಾಡ್ಕೊಡ್ತೀರಾ?"

"ಬಾಮ್ಮ, ಧಾರಾಳವಾಗಿ. ಅಲ್ಲೀಗಂಟ ಬಿಸಿಲು, ತೇವ ಸೋಕದಂಗೆ ಇಟ್ಟಿರು. ಅಟ್ಟದ ಮೇಲೆ ಕಾಯಿ ಇಟ್ಟಂಗೆ."

ಅವಳು ಹೋದ ಮೇಲೆ ಮನೆ ತಣ್ಣಗಾಯಿತು. ಗಿರಿಜಾಂಬಿಕಾ ಖಾಲಿ ಮಡಕೆ ಒಯ್ಯಲು ಕತ್ತಲೆ ಕೋಣೆಗೆ ಬಂದವರು, ತೂಗುತ್ತಿದ್ದ ರೀಲಿನ ತುದಿಗೆ ಕಣ್ಣು ಕಿರಿದು ಮಾಡಿದರು.

"ಇದ್ಯಾರ್ರೀ, ನಮ್ಮ ಅಟ್ಟದ ಏಣಿ ಮೇಲೆ?"

ಪ್ರಸಾದರು ಕತ್ತರಿಯನ್ನು ಮೇಜಿನ ಮೇಲೆ, ಆಕೆಯ ಕೈಗೆಟುಕುವಲ್ಲಿ ಇಟ್ಟರು. ಹಣೆಗೆ ಕೈ ಮುಟ್ಟಿಸಿದರು.

ಬೀದಿಯವರಿಗೆಲ್ಲ ಗೊತ್ತಿದ್ದ ಆ ಸನ್ನೆ ಆಕೆಗೂ ಗೊತ್ತಿತ್ತು. ಕತ್ತರಿ ನೋಡಿದರು, ಗಂಡನನ್ನು ನೋಡಿದರು, ಮತ್ತೆ ಆ ಕಪ್ಪು ಮುಖದ ಹೆಂಗಸನ್ನು ಬಹಳ ಹೊತ್ತು ನೋಡಿದರು.

"ಸೀರೆ ಬಣ್ಣಾನೇ ಕಾಣಲ್ಲ" ಎಂದರು. ಮಡಕೆಯನ್ನು ಸೊಂಟಕ್ಕೇರಿಸಿಕೊಂಡರು. "ಇರ್ಲಿ ಬುಡಿ."