ಒಮ್ಮೆ ಮಂಕಾದ ನಕ್ಷತ್ರ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸಂಶೋಧನೆಗೆಂದು ಒಂದು ವೀಕ್ಷಣಾಲಯ ಸೇರಿದ್ದೆ. ಗೋಳಾಕಾರದ ನಕ್ಷತ್ರಗುಚ್ಛಗಳಲ್ಲಿ ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರ ಹುಡುಕುವುದು ನನ್ನ ಕೆಲಸ. ಲಕ್ಷಾಂತರ ನಕ್ಷತ್ರಗಳು ಒತ್ತೊತ್ತಾಗಿರುವ ಆ ಗುಂಪಿನಲ್ಲಿ ಜೋಡಿಯೂ ಒಂದೇ ಚುಕ್ಕೆಯಾಗಿ ಕಾಣುತ್ತದೆ. ಒಂದು ಇನ್ನೊಂದಕ್ಕೆ ಅಡ್ಡ ಬಂದಾಗ ಚುಕ್ಕೆ ಕೆಲಹೊತ್ತು ಮಂಕಾಗುತ್ತದೆ. ಲೆಕ್ಕ ತಪ್ಪದೆ ಮತ್ತೆ ಮತ್ತೆ ಹಾಗಾದರೆ ಅದು ಜೋಡಿ. ಬೇರೆ ಬೇರೆ ರಾತ್ರಿಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹೋಲಿಸುತ್ತ ಕೂರುತ್ತಿದ್ದೆ. ಗುಚ್ಛದ ಅಂಚಿನ ಒಂದು ನಕ್ಷತ್ರ ಮಂಕಾದದ್ದು ಒಂದು ದಿನ ಕಣ್ಣಿಗೆ ಬಿತ್ತು. ಇನ್ನೊಮ್ಮೆ ಕಾಣಬೇಕಿತ್ತು.

ಅಷ್ಟರಲ್ಲಿ ಸಿದ್ದಾಪುರದಲ್ಲಿ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅಪ್ಪ ಇರಲಿಲ್ಲ. ಸ್ವಲ್ಪ ದಿನದ ರಜೆ ಎಂದು ಬಂದವಳು ನಾನು ಮತ್ತೆ ವೀಕ್ಷಣಾಲಯಕ್ಕೆ ಮರಳಲಿಲ್ಲ. ಯಲ್ಲಾಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ಅಮ್ಮನನ್ನೂ ಅಲ್ಲಿಗೇ ಕರೆತಂದೆ. ಪಾಠದ ನಡುವೆ ಆ ಚುಕ್ಕೆ ನೆನಪಾಗಿ ಸೀಮೆಸುಣ್ಣ ಹಿಡಿದ ಕೈ ನಿಂತುಬಿಡುತ್ತಿತ್ತು.

ಕೆಲವು ವರ್ಷಗಳ ಮೇಲೆ ನನ್ನ ಹಳೆಯ ಮಾರ್ಗದರ್ಶಕರು ಫೋನು ಮಾಡಿದರು.

"ನಿಮ್ಮ ನಕ್ಷತ್ರ ಮತ್ತೆ ಮತ್ತೆ ಮಂಕಾಗ್ತಿದೆ. ಜೋಡಿಯೇ ಹೌದು." ಆಮೇಲೆ ಕೇಳಿದರು, "ವಾಪಸ್ ಬರ್ತೀರಾ?"

ಅಮ್ಮ ಗೋಡೆ ಹಿಡಿದು ಅಡುಗೆಮನೆಗೆ ಹೋಗುತ್ತಿದ್ದಳು. "ಈ ವರ್ಷ ಆಗೋದಿಲ್ಲ, ಸರ್" ಎಂದೆ. ಅವರು ಒತ್ತಾಯಿಸಲಿಲ್ಲ. ಮುಂದೆಯೂ ಕೇಳಲಿಲ್ಲ.

ಅವರು ಹೇಳಿದ ಲೆಕ್ಕದಂತೆ, ಆ ಮೇ ತಿಂಗಳ ಒಂದು ಸಂಜೆ ಅದು ಮಂಕಾಗುವುದಿತ್ತು. ಕಾಲೇಜಿನ ದುರ್ಬೀನು ತಂದು, ಅಮ್ಮನ ಕೈಹಿಡಿದು ಮೈದಾನಕ್ಕೆ ಹೋದೆ. ದಕ್ಷಿಣದಲ್ಲಿ, ಮರಗಳ ಮೇಲೆ, ಗುಚ್ಛ ಹತ್ತಿಯ ಉಂಡೆಯಂತೆ ಮಸುಕಾಗಿ ಕಂಡಿತು. ಅಮ್ಮನಿಗೂ ತೋರಿಸಿದೆ.

"ನಿನ್ನ ನಕ್ಷತ್ರ ಯಾವ್ದೇ?"

"ಅದು ಇದ್ರಲ್ಲಿ ಬೇರೆಯಾಗಿ ಕಾಣ್ತಿಲ್ಲೆ ಅಮ್ಮಾ. ದೊಡ್ಡ ದೂರದರ್ಶಕ ಬೇಕು."

"ಮತ್ತೆ ಎಂತ ನೋಡೂಲೆ ಬಂದಿದ್ದು?"

ದುರ್ಬೀನು ಮತ್ತೆ ಕಣ್ಣಿಗಿಟ್ಟುಕೊಂಡೆ. ಈಗ ಅಲ್ಲಿ ಬೆಳಕು ಇಳಿಯುತ್ತಿದೆ, ಯಾರೋ ಅದನ್ನು ಅಳೆಯುತ್ತಿರಬಹುದು ಎಂದುಕೊಂಡಾಗ ಗಾಜು ಮಂಜಾಯಿತು.

ಅಮ್ಮ ಅದನ್ನು ನೋಡಿದಳೋ ಏನೋ. ಮೈದಾನದ ಅಂಚಿನ ಮೆಟ್ಟಿಲ ಮೇಲೆ ಕುಳಿತು, ಸೆರಗು ಹೊದ್ದುಕೊಂಡು ಹೇಳಿದಳು, "ಯಂಗೆ ಅವಸರ ಇಲ್ಲೆ. ನೀ ನೋಡು."