ಬಚ್ಚಲಿನ ಮೇಲೆ ಬಂದ ಅಪವಾದ

ಮೊದಲು ಕೇಳಿಸಿದ್ದು ಸದ್ದು. ನೋವು ಆಮೇಲೆ ಬಂತು.

ಕೆಂಗೇರಿಯ ನಮ್ಮ ಮನೆಯಲ್ಲಿ ಅಂದು ಸಾರಿಗೆ ಉಪ್ಪು ಕಡಿಮೆಯಾಗಿತ್ತು. ನನ್ನ ಯಜಮಾನರು ವಿಚಾರಣೆ ನಡೆಸಿ, ತೀರ್ಪು ಕೊಟ್ಟು, ಊದುಕೊಳವೆಯಿಂದ ಶಿಕ್ಷೆಯನ್ನೂ ನೆರವೇರಿಸಿದರು. ಮೇಲ್ಮನವಿಗೆ ಅವಕಾಶವಿರಲಿಲ್ಲ. ಎಡಗೈ ಮಣಿಕಟ್ಟು ಮುರಿಯಿತು.

"ಬಚ್ಚಲಲ್ಲಿ ಜಾರಿಬಿದ್ಲು," ಎಂದು ಅತ್ತೆ ನೆರೆಯವರಿಗೆ ಹೇಳಿದರು. ಆ ಬಚ್ಚಲು ಅದಕ್ಕೆ ಮೊದಲೂ ನನ್ನ ತುಟಿ ಒಡೆದಿತ್ತು, ಒಂದು ಕಿವಿ ಮಂದ ಮಾಡಿತ್ತು. ಅಂಥ ಮುಂಗೋಪಿ ಬಚ್ಚಲು ಊರಲ್ಲಿ ಬೇರೊಂದಿರಲಿಲ್ಲ.

ಮೂಳೆ ಕಟ್ಟುವವನನ್ನು ಕರೆಸಿದರು. ಬಿದಿರ ದಬ್ಬೆ ಹಿಡಿದು ಅವನು, "ಬಳೆ ತೆಗೀಬೇಕಲ್ರಮ್ಮ," ಎಂದ.

"ಗಂಡ ಗುಂಡುಕಲ್ಲಿನ ಹಾಗಿರೋವಾಗ ಬಳೆ ತೆಗೆಯೋದುಂಟೇನಯ್ಯ? ಮೇಲೇ ಕಟ್ಟು," ಎಂದರು ಅತ್ತೆ.

ನಾನೂ ತಲೆಯಾಡಿಸಿದೆ. ಮುತ್ತೈದೆತನ ಮೊದಲು, ಮೂಳೆ ಆಮೇಲೆ.

ಕೈ ಊದಿತು. ಕಟ್ಟಿನೊಳಗೆ ಗಾಜಿನ ಬಳೆಗಳು ಒಂದೊಂದಾಗಿ ಒಡೆದು ಮಾಂಸಕ್ಕೆ ಇಳಿದವು. ಜ್ವರ ಏರಿತು. ವಾಸನೆ ಬಂತು. ರಾಜಾಜಿನಗರದಿಂದ ನನ್ನನ್ನು ನೋಡಲು ಬಂದ ಅಣ್ಣ, ಯಾರನ್ನೂ ಕೇಳದೆ ಆಸ್ಪತ್ರೆಗೆ ಸಾಗಿಸಿದ.

ಡಾಕ್ಟರು ಎಕ್ಸ್‌ರೇ ನೋಡಿದರು. "ಇನ್ಫೆಕ್ಷನ್ ಇನ್ನೂ ಮೇಲಕ್ಕೆ ಹೋದ್ರೆ ಕೈ ತೆಗೀಬೇಕಾಗುತ್ತಮ್ಮ. ಹೇಗಾಯ್ತು ಇದು?"

ಬಚ್ಚಲು ಎನ್ನಲು ಬಾಯಿ ತೆರೆದೆ.

"ಗಂಡ ಹೊಡೆದರು."

ನರ್ಸ್ ಹಸಿರು ಗಾಜಿನ ಚೂರುಗಳನ್ನು ಹೆಕ್ಕಿ ಟ್ರೇಗೆ ಹಾಕುತ್ತಿದ್ದಳು. ಅಣ್ಣ ಗೋಡೆಯ ಕಡೆ ತಿರುಗಿ ನಿಂತಿದ್ದ. "ಇಷ್ಟು ದಿನ ಯಾಕೆ ಹೇಳ್ಲಿಲ್ಲ ಕಣೇ?" ಎಂದ. ಹೇಳಿದರೆ ಮನೆಯ ಮಾನ ಹೋಗುತ್ತದೆಂದು ನನಗೆ ಚೆನ್ನಾಗಿ ಕಲಿಸಿದ್ದರು. ಹೇಳದಿದ್ದರೆ ಏನೇನು ಹೋಗುತ್ತದೆಂಬುದನ್ನು ಕಲಿಸಲು ಯಾರಿಗೂ ಪುರಸೊತ್ತಾಗಿರಲಿಲ್ಲ.

ಪೆನಿಸಿಲಿನ್ ಚುಚ್ಚಿ ಚುಚ್ಚಿ ಕೈ ಉಳಿಸಿದರು. ಪ್ಲಾಸ್ಟರ್ ಬಿಚ್ಚಿದಾಗ ಮಣಿಕಟ್ಟು ಸೊಟ್ಟಗಿತ್ತು. ಎರಡು ಬೆರಳು ಮಡಚಲು ಒಪ್ಪಲಿಲ್ಲ.

ಯಜಮಾನರು ಹೊಸ ಬಳೆ ಹಿಡಿದು ಅಣ್ಣನ ಮನೆಗೆ ಬಂದರು. "ಆದದ್ದು ಆಯ್ತು. ಹೊರಡು."

ಅಣ್ಣ ನನ್ನ ಮುಖ ನೋಡಿದ. ಕರೆಯಲು ಬಂದ ಗಂಡನನ್ನು ಒಬ್ಬನನ್ನೇ ಹಿಂದಕ್ಕೆ ಕಳಿಸಿದ ಹೆಣ್ಣು ನಮ್ಮ ವಂಶದಲ್ಲಿಲ್ಲ.

"ಆ ಮನೆ ಬಚ್ಚಲು ಜಾರುತ್ತೆ," ಎಂದೆ. "ನಾನು ಬರಲ್ಲ."

ಚಳಿಗೆ ಕೈ ನೋಯುತ್ತದೆ. ಬಟ್ಟೆ ಹಿಂಡಲಾಗದು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಮೈ ಬೆವರುತ್ತದೆ. ನಿನ್ನೆ ಅತ್ತಿಗೆಯ ಸಾರಿಗೆ ಉಪ್ಪು ಸಾಲದೆ, ಅಣ್ಣ ಕೇಳಿ ಹಾಕಿಸಿಕೊಂಡು ಊಟ ಮುಂದುವರಿಸಿದ. ಅವನು ಕೈ ತೊಳೆದು ಬರುವವರೆಗೂ ನಾನು ತುತ್ತು ನುಂಗಲಿಲ್ಲ.

ಇಲ್ಲಿಯ ಬಚ್ಚಲಲ್ಲೂ ಪಾಚಿ ಕಟ್ಟಿದೆ. ಇದುವರೆಗೆ ಜಾರಿಲ್ಲ.